ಬಂಡೆಯ ಕೆಂಪು

"ಈಕಿ ಯಾರ್ರಿ?"

ಸುನಂದಾ ಮೊಬೈಲನ್ನು ಶಿವಪ್ರಕಾಶನ ಮೂಗಿಗೇ ಹಿಡಿದಳು. ಬಾದಾಮಿ ಗುಹೆಗಳ ಮೆಟ್ಟಿಲ ಬುಡದಲ್ಲಿ ಅವನು ಒಂದು ಜೋಡಿಯ ಪ್ರೀ-ವೆಡ್ಡಿಂಗ್ ಶೂಟ್ ಮುಗಿಸಿ ಲೆನ್ಸ್ ಒರೆಸುತ್ತಿದ್ದ.

"ನೀವೇ ಅಲ್ರೀ."

"ನಾನಾ? ನನ್ನ ಹಲ್ಲಿನ ಸಂದಿ ಎಲ್ಲಿ ಹೋತು? ಈ ಬಿಳಿ ಬಣ್ಣ ಯಾರ ಮನೀದು?"

ಸುನಂದಾ ಅಲ್ಲಿಯೇ ಗೈಡ್. ಮುಖಕ್ಕೆ ಬಿಸಿಲು ರೂಢಿಯಾಗಿ, ಅವಳದು ಚೆನ್ನಾಗಿ ಕುದಿಸಿದ ಚಹಾದ ಬಣ್ಣ. ಹೋದ ವಾರ ಚಿಗವ್ವ ಗುರುಸಿದ್ದವ್ವ ಕಲಾದಗಿಯ ಗಂಡಿನವರಿಗೆ ಕಳಿಸಲು ಫೋಟೋ ಕೇಳಿದಾಗ ಅವಳು ಇವನ ಹತ್ತಿರವೇ ಬಂದಿದ್ದಳು. "ಪೋಸು ಬ್ಯಾಡ್ರಿ, ಸುಮ್ಮ ಮಾತಾಡೂ ಮುಂದ ತೆಗೀರಿ" ಎಂದಿದ್ದಳು. ಅವನು ಹಾಗೆಯೇ ತೆಗೆದಿದ್ದ. ಕೆಟ್ಟದ್ದು ಆಮೇಲೆ.

ಇಲ್ಲಿನ ಬಂಡೆ ಕೆಂಪು. ಬಿಸಿಲು ಅದಕ್ಕೆ ಬಡಿದರೆ ಎದುರಿಗೆ ನಿಂತವರ ಮುಖವೂ ಕೆಂಪಾಗುತ್ತದೆ. ಊರಿನ ಫೋಟೋಗ್ರಾಫರುಗಳು ಎಡಿಟಿಂಗಿಗೆ ಕೂತರೆ ಮೊದಲು ತೆಗೆಯುವುದೇ ಆ ಕೆಂಪನ್ನು. ಶಿವಪ್ರಕಾಶನೂ ತೆಗೆದ. ಜೊತೆಗೆ ಅವಳ ಬಣ್ಣವೂ ಹೋಯಿತು. ಶುರುವಾದ ಕೈ ಅಲ್ಲಿಗೇ ನಿಲ್ಲಲಿಲ್ಲ, ಹಲ್ಲಿನ ಸಂದಿಯನ್ನೂ ಮುಚ್ಚಿತು.

"ಕಲಾದಗಿಯವರು ಈಕೀನ ಒಪ್ಪ್ಯಾರ. ಐತವಾರ ನೋಡಾಕ ಬರತಾರ." ಅವಳ ದನಿ ಇಳಿಯಿತು. "ಫೋಟೋ ಒಮ್ಮೆ, ನನ್ನ ಮಾರಿ ಒಮ್ಮೆ ನೋಡತಾರ. ಅವಲಕ್ಕಿ ತಾಟು ಹಿಡಕೊಂಡು ನಾ ಸುಮ್ಮ ನಿಂದ್ರಬೇಕು."

ಅವನಿಗೆ ನಾಚಿಕೆಯಾಯಿತು. "ತಪ್ಪಾತ್ರಿ."

"ಮೊದಲಿಂದು ತೋರಸ್ರಿ."

ಕ್ಯಾಮೆರಾದ ಪರದೆಯಲ್ಲಿ ಅವಳು ಯಾವುದೋ ಮಾತಿನ ನಡುವೆ ಬಾಯ್ತುಂಬ ನಗುತ್ತಿದ್ದಳು. ಹಣೆಗೆ ಕೂದಲು ಅಂಟಿತ್ತು, ಹಲ್ಲಿನ ಸಂದಿ ಇದ್ದಲ್ಲೇ ಇತ್ತು, ಕೆನ್ನೆಯ ಮೇಲೆ ಬಂಡೆಯ ಕೆಂಪು. ಸುನಂದಾ ಬಹಳ ಹೊತ್ತು ನೋಡಿದಳು. ತಾನು ಚೆಂದ ಇದ್ದೇನೆ ಎಂದು ಅವಳು ಅಂದಿನವರೆಗೆ ನಂಬಿರಲಿಲ್ಲ.

"ಇದನ್ಯಾಕ ಕೊಡಲಿಲ್ರಿ?"

ಅವನು ಲೆನ್ಸ್ ಒರೆಸಿದ. ಅದು ಆಗಲೇ ಸ್ವಚ್ಛವಿತ್ತು.

"ಇದನ್ನ ಕೊಟ್ಟಿದ್ರ ಅವರು ಐತವಾರತನ ಕಾಯ್ತಿದ್ದಿಲ್ಲ, ಅವತ್ತ ಓಡಿ ಬರತಿದ್ರು."

"ಅಂದ್ರ?"

"ಅಂದ್ರ... ನೀವಂದ್ರ ನನಗ ಭಾಳ ಇಷ್ಟರಿ. ಇದು ಅವರ ಕೈಗೆ ಹೋಗೂದು ಬ್ಯಾಡಾಗಿತ್ತು."

ಅಷ್ಟರಲ್ಲಿ ಮಂಗವೊಂದು ಯಾರದೋ ಚಿಪ್ಸ್ ಪ್ಯಾಕೆಟ್ ಕಿತ್ತುಕೊಂಡು ಇಬ್ಬರ ನಡುವಿನಿಂದಲೇ ಓಡಿತು. ಇಂಥ ಮಾತು ಆಡಲು ಅದು ಅಷ್ಟೇನೂ ಅನುಕೂಲದ ಜಾಗವಲ್ಲ.

ಸುನಂದಾಳ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಒಳಗೊಳಗೇ ಖುಷಿಯಾಗಿತ್ತು.

"ಆ ನೆರಳಾಗ ನಿಂದರ್ರಿ," ಎಂದಳು.

"ತಡೀರಿ, ತಲಿ ಬಾಚ್ಕೊಂತೀನಿ..."

"ಬ್ಯಾಡ. ಹಂಗ ಇರ್ರಿ."

ಬೇವಿನ ನೆರಳಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಅವನ ಫೋಟೋ ಹೊಡೆದಳು. ಕ್ಯಾಮೆರಾದಲ್ಲಿದ್ದ ತನ್ನದನ್ನೂ ಮೊಬೈಲಿಗೆ ಹಾಕಿಸಿಕೊಂಡು ಎರಡನ್ನೂ ಚಿಗವ್ವನಿಗೆ ಕಳಿಸಿದಳು: "ನಾ ಹಿಂಗ ಅದೀನಿ. ಕಲಾದಗಿಯವರಿಗೆ ಬರೂದು ಬ್ಯಾಡ ಅಂತ ಹೇಳು. ನನಗ ಇವರು ಒಪ್ಪಿಗಿ ಅದಾರ."

ಮೆಸೇಜು ಓದಿದ ಶಿವಪ್ರಕಾಶನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಚಿಗವ್ವನ ಉತ್ತರ ಬಂತು: "ಹುಡುಗ ಖರೇನ ಹಿಂಗ ಅದಾನೋ, ಫೋಟೋದಾಗ ಅಷ್ಟ ಹಿಂಗೋ?"

ಸುನಂದಾ ತಲೆಯೆತ್ತಿ ಅವನನ್ನೇ ನೋಡಿದಳು. ಕೆದರಿದ ಕೂದಲು, ಬೆವರಿದ ಕುತ್ತಿಗೆ, ಹೆದರಿದ ನಗು.

"ಖರೇನ ಹಿಂಗ ಅದಾನ," ಎಂದು ಬರೆದಳು. "ಈಗ ಸ್ವಲ್ಪ ಕೆಂಪಾಗ್ಯಾನ. ನೆರಳಾಗ ನಿಂತಾನ, ಅದು ಬಂಡೆಗಲ್ಲಿಂದಲ್ಲ."