ಕಾಸರಕದ ಹನ್ನೆರಡು ಮೊಳೆ

"ತಮಾ, ಆ ಮರದ ಮೊಳೆ ಮುಟ್ಬೇಡ," ಎಂದಳು ಮುದುಕಿ ಮಂಜಿ. "ನನ್ನ ಗಂಡ ಹೊಡ್ದದ್ದು. ಒಂದೊಂದ್ರಲ್ಲೂ ಒಂದೊಂದು ಪೀಡೆ ಉಂಟು."

ಪುಂಡಲೀಕ ನಕ್ಕುಬಿಟ್ಟ. ಕಾರವಾರದವನು; ಹುಬ್ಬಳ್ಳಿಯಲ್ಲಿ ಆರು ವರ್ಷ ಕಬ್ಬಿಣ ಬಡಿದು, ಹೆಂಡತಿ ಮಗುವಿನೊಡನೆ ಅಮದಳ್ಳಿಗೆ ಬಂದು ಕುಲುಮೆ ಹಾಕಿದ್ದ. ಬಾಯಿ ಅವನ ಸುತ್ತಿಗೆಗಿಂತ ಜೋರು.

"ತಾಮ್ರ ಹಂಡೆ ಆಗ್ತದೆ, ಸೀಸ ಬಲೆಗುಂಡು ಆಗ್ತದೆ, ಕಬ್ಬಿಣ ರೈಲಿನ ಹಳಿ ಆಗ್ತದೆ. ಭೂತ ಆಗೂದು ಯಾವ ಲೋಹ ಅಜ್ಜಿ?"

೧೯೩೪ರ ಆಷಾಢ. ಕಡಲು ಕೆರಳಿ ಮುಂಬಯಿಯ ಹಡಗು ಬರುವುದು ನಿಂತಿತ್ತು. ಹಡಗಿಲ್ಲದೆ ಪೇಟೆಯಲ್ಲಿ ಮೊಳೆಯಿಲ್ಲ, ಬಡಿದು ಮಾಡಲು ಕಬ್ಬಿಣವೂ ಇಲ್ಲ. ಊರ ಹೊರಗಿನ ಕಾಸರಕದ ಮರದಲ್ಲಿ ಮಾತ್ರ ಬೇಕಾದಷ್ಟು ಇದ್ದವು. ಪೀಡೆ ಹಿಡಿದವರ ಕೂದಲು ಸುತ್ತಿ ಹಸಿಮರಕ್ಕೆ ಹೊಡೆದ ಮೊಳೆಗಳು. ಪುಂಡಲೀಕ ಇಕ್ಕಳ ಹಾಕಿ ಹನ್ನೆರಡು ಕಿತ್ತ. ಪ್ರತಿ ತೂತಿನಿಂದಲೂ ಕಪ್ಪು ರಸ ಜಿನುಗಿತು. ಸುಟ್ಟ ಕೂದಲಿನ ವಾಸನೆ ಬಂತು. ಅವನು ಮೂಗು ಒರೆಸಿಕೊಂಡ, ಅಷ್ಟೆ. ಒಂದನ್ನು ಬಿರುಕುಬಿಟ್ಟ ತೊಟ್ಟಿಲಿಗೆ ಹೊಡೆದ. ಹನ್ನೊಂದು ನೆರೆಮನೆಯ ಬೀರಾನ ಮಂಚಕ್ಕೆ ಹೋದವು.

ಮರುದಿನ ಮಧ್ಯಾಹ್ನ ಅವನು ಕುಲುಮೆಯ ತಿದಿ ಒತ್ತುತ್ತಿದ್ದಾಗ ಹೆಂಡತಿ ವನಮಾಲಾ ಕಿರುಚಿದಳು. ಮಗುವನ್ನು ತೊಟ್ಟಿಲಿನಿಂದ ಎತ್ತಲು ಆಗುತ್ತಿರಲಿಲ್ಲ. ಪುಂಡಲೀಕ ಹಲಗೆಯ ಅಡಿಗೆ ಬಗ್ಗಿ ನೋಡಿದ. ಮೊಳೆ ತಾನಾಗಿಯೇ ತಿರುಗುತ್ತಿತ್ತು. ಮೇಲಕ್ಕೆ ಏರುತ್ತಿತ್ತು. ಕಿರ್ರ್. ಕಿರ್ರ್. ಬಟ್ಟೆ ಕೆಂಪಾಯಿತು. ಮಗುವಿನ ತುಟಿ ನೀಲಿಯಾಯಿತು. ಅಳು ನಿಂತಿತು.

ಅವನು ಇಕ್ಕಳ ಹಾಕಿ ಎಳೆದ. ಬೆಂಕಿ ಕಾಣದ ಮೊಳೆ ಕೆಂಪಗೆ ಕಾದು ಹೊರಬಂತು. ಮಗು ಮಾತ್ರ ಉಸಿರಾಡಲಿಲ್ಲ.

ಮಂಜಿ ಬಾಗಿಲಲ್ಲಿ ನಿಂತಿದ್ದಳು. "ಅದ್ನ ಹಸಿ ಜೀವಕ್ಕೆ ಹೊಡಿಬೇಕು. ಕೂಡ್ಲೆ."

"ಮರಕ್ಕೇ ಹೊಡೀತೆ ಅಜ್ಜಿ."

"ಮರ ಬೆಳಿಗ್ಗೇನೆ ಒಣಗೋಯ್ತು. ಈಗ ಅದ್ಕೆ ಕಿತ್ತವನ ಮೈಯೇ ಆಗ್ಬೇಕು."

ಪುಂಡಲೀಕ ಕುಲುಮೆಯ ಕೊರಡಿನ ಮೇಲೆ ಎಡಗೈ ಹರಡಿದ. ವನಮಾಲಾ ಇಕ್ಕಳದಲ್ಲಿ ಮೊಳೆ ಹಿಡಿದಳು. ಅವನು ಬಲಗೈಯಲ್ಲಿ ಸುತ್ತಿಗೆ ಎತ್ತಿದ. ಒಂದು ಪೆಟ್ಟು. ಚರ್ಮ ಚುರ್ರೆಂದಿತು. ಎರಡು. ಎಲುಬು ಸೀಳಿತು. ಮೂರು. ರಕ್ತ ಮುಖಕ್ಕೆ ಚಿಮ್ಮಿತು.

ಒಳಗೆ ಮಗು ಅತ್ತಿತು.

ಸುತ್ತಿಗೆ ಕೈಜಾರಿ ಬಿತ್ತು. ಅಂಗೈ ಕೊರಡಿಗೆ ನೆಟ್ಟುಹೋಗಿತ್ತು. ಆದರೂ ಅವನು ನಕ್ಕ, ಅಳುತ್ತಲೇ ನಕ್ಕ. ಮಗ ಬದುಕಿದ್ದ.

ಅಷ್ಟರಲ್ಲಿ ಬೀರಾ ಓಡಿಬಂದ. "ಹೊನ್ನಿಗೆ ಮಂಚದಿಂದ ಏಳೂಕೆ ಆಗ್ತಿಲ್ಲ. ಬೆನ್ನಡಿ ಪೂರಾ ರಕ್ತ." ಅವನ ಹೆಂಡತಿ ಹೊನ್ನಿ ತುಂಬಿದ ಬಸುರಿ.

ಬೀರಾ ಕೊರಡಿನ ಮೇಲಿನ ಕೈ ನೋಡಿದ, ಅದರಲ್ಲಿದ್ದ ಮೊಳೆ ನೋಡಿದ. ಮಂಜಿಯತ್ತ ತಿರುಗಿದ.

"ಹೌದು," ಎಂದಳು ಮಂಜಿ. "ಇನ್ನೂ ಹನ್ನೊಂದು ಉಂಟು."

ಬೀರಾ ವನಮಾಲಾಳ ಕೈಯಿಂದ ಇಕ್ಕಳ ಕಸಿದುಕೊಂಡ. ಬಗ್ಗಿ, ನೆಲದ ಮೇಲಿದ್ದ ಸುತ್ತಿಗೆಯನ್ನು ಎತ್ತಿ ಕೊರಡಿನ ಮೇಲಿಟ್ಟ.

"ಈಗ ಬತ್ತೆ," ಎಂದ. "ಅಲ್ಲೇ ಇರು."