ಮೊದಲ ಹನಿ

ಚಾಕು ನನ್ನ ಕುತ್ತಿಗೆಯ ಮೇಲಿತ್ತು. ಬೆನ್ನ ಹಿಂದೆ ಕೋಟೆಯ ಸಿಡಿಮದ್ದಿನ ಕೋಣೆಯ ಬೀಗ ಹಾಕಿದ ಬಾಗಿಲು.

"ಲೆನಾಕ್ಸ್ ಎಲ್ಲಿ?" ಎಂದ ಹಸ್ಕಿನ್ಸ್.

"ಸಮುದ್ರದ ತಳದಲ್ಲಿ! ಹೋಗಿ ಕೇಳ್ಕೊ."

ಚರ್ಮ ಸೀಳಿತು...

ಎಂಟು ತಿಂಗಳ ಹಿಂದೆ ಈ ಹಸ್ಕಿನ್ಸ್ ಬಂದರಿನ ಕಾವಲುಗಾರನನ್ನು ಕೊಂದಿದ್ದ. ಕಣ್ಣಾರೆ ಕಂಡವನು ಮೀನುಗಾರ ಲೆನಾಕ್ಸ್ ಒಬ್ಬನೇ. ವಾರದೊಳಗೆ ಅವನ ದೋಣಿ ಮಗುಚಿಕೊಂಡು ಸಿಕ್ಕಿತು. ಹೆಣ ಸಿಗಲಿಲ್ಲ. ಹಸ್ಕಿನ್ಸ್ ಜಾಮೀನಿನ ಮೇಲೆ ಮೀಸೆ ತಿರುವುತ್ತಾ ಓಡಾಡಿದ. ನನ್ನ ಕುತ್ತಿಗೆಗೆ ಚಾಕು ಇಟ್ಟ ದಿನವೇ ಮಧ್ಯಾಹ್ನ ಎರಡಕ್ಕೆ ವಿಚಾರಣೆ. ಸಾಕ್ಷಿ ಬರದಿದ್ದರೆ ಬಿಡುಗಡೆ!

"ಅವ್ನು ಬದುಕಿದಾನಂತೆ. ಬೆಳಿಗ್ಗೆ ಸುದ್ದಿ ಬಂತು."

"ಲೇ, ಶನಿವಾರ ಅವನ ಹೆಂಡ್ತಿ ವರ್ಲಿನ್‌ನ ನಾನು ಮದ್ವೆ ಆಗ್ತಿದೀನಿ! ಗಂಡ ಬದುಕಿದ್ರೆ ನಾನ್ಯಾಕೆ ಸೂಟ್ ಹೊಲಿಸ್ತಿದ್ದೆ?"

ನಾನು ಹದಿನೈದು ವರ್ಷ ಪೊಲೀಸಾಗಿದ್ದವನು. ಈಗ ಗ್ರೆನಡಾ ದ್ವೀಪದ ಹಳೇ ಕೋಟೆ ತೋರಿಸುವ ಗೈಡು. ಆಲ್ಬನ್ ಸುಳ್ಳು ಹೇಳುವವನಲ್ಲ ಎಂದು ಊರಿಗೆಲ್ಲ ಗೊತ್ತು.

"ಹನ್ನೆರಡರೊಳಗೆ ಹುಡುಕ್ಕೊಂಡು ಬಾ. ಇಲ್ದಿದ್ರೆ ನಿನ್ ವರ್ಲಿನ್..."

ಮಾತು ಮುಗಿಸಲು ಬಿಡಲಿಲ್ಲ. ಮೊಣಕೈಯಿಂದ ಹೊಟ್ಟೆಗೆ ಗುದ್ದಿದೆ! ಸುರಂಗ ದಾಟಿ, ಫಿರಂಗಿಗಳ ನಡುವೆ ಓಡಿದೆ. ಹಿಂದೆ ಅವನ ಇಬ್ಬರು ಆಳುಗಳು. ಜಾಯಿಕಾಯಿ ತೋಟದ ಇಳಿಜಾರಿನಲ್ಲಿ ಜಾರಿಕೊಂಡೇ ಇಳಿದು ತಪ್ಪಿಸಿಕೊಂಡೆ.

ವರ್ಲಿನ್ ನನ್ನನ್ನು ತನ್ನ ಅಂಗಡಿಯೊಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಇದೇನು ರಕ್ತ, ಆಲ್ಬನ್!"

"ಹಸ್ಕಿನ್ಸ್. ಲೆನಾಕ್ಸ್ ಬದುಕಿದಾನಂತೆ... ತಲೆ ಕೆಟ್ಟಿದೆ ಅವನಿಗೆ."

ಅವಳು ಹೊಸ ರಮ್ ಬಾಟಲಿ ತೆಗೆದಳು. ಬಿರಡೆ ಕಿತ್ತು ಗಟಗಟ ಕುಡಿದಳು.

ನೆಲಕ್ಕೆ ಒಂದು ಹನಿಯೂ ಹಾಕಲಿಲ್ಲ.

ನಮ್ಮಲ್ಲಿ ಬಾಟಲಿ ತೆರೆದರೆ ಮೊದಲ ಹನಿ ಸತ್ತವರಿಗೆ. ಎಂಟು ತಿಂಗಳಿಂದ ಅವಳು ಲೆನಾಕ್ಸ್ ಹೆಸರು ಹೇಳಿ, ಕಣ್ಣೊರೆಸಿಕೊಂಡು ಸುರಿಯುತ್ತಿದ್ದಳು. ಈ ದ್ವೀಪದ ವಿಧವೆ ತನ್ನ ಹೆಸರು ಮರೆತಾಳು, ಗಂಡನ ಹನಿ ಮರೆಯುವುದಿಲ್ಲ.

"ವರ್ಲಿನ್... ಅವನೆಲ್ಲಿ?"

ಅವಳು ಬಾಟಲಿ ಕೆಳಗಿಟ್ಟಳು.

"ಮದ್ದಿನ ಕೋಣೇಲಿ. ನಿನ್ ಕೀಲಿ ಕದ್ದು ಇನ್ನೊಂದು ಮಾಡಿಸ್ದೆ."

ಇನ್ನೂರು ವರ್ಷದಿಂದ ಇದರೊಳಗೆ ಯಾರೂ ಕಾಲಿಟ್ಟಿಲ್ಲ ಎಂದು ದಿನಾ ಆ ಬಾಗಿಲ ಮುಂದೆ ಕೊಚ್ಚಿಕೊಳ್ಳುತ್ತಿದ್ದವನು ನಾನೇ! ಅವಳು ಕೋಟೆಗೆ ಎರಡು ಡಬ್ಬಿ ಊಟ ತರುತ್ತಿದ್ದಳು. ಒಂದು ನನಗೆ, ಇನ್ನೊಂದು ಕೋಟೆಯ ಬೆಕ್ಕುಗಳಿಗೆ ಎನ್ನುತ್ತಿದ್ದಳು. ಎಂಥ ಕರುಣೆ ಎಂದು ನಾನು ಕರಗಿಹೋಗಿದ್ದೆ.

"ಮತ್ತೆ ನಮ್ ಮದ್ವೆ?"

"ನೀನು ನಂಬಿದ್ರೆ ಊರು ನಂಬುತ್ತೆ, ಹಸ್ಕಿನ್ಸೂ ನಂಬ್ತಾನೆ. ವಿಚಾರಣೆ ಹೇಗೂ ಶನಿವಾರಕ್ಕಿಂತ ಮುಂಚೆ ಇತ್ತಲ್ಲ... ಕ್ಷಮಿಸು."

ಎದೆ ಒಡೆದುಹೋಯಿತು. ಹಸ್ಕಿನ್ಸ್ ಕಿವಿಯಲ್ಲಿ ಒಂದೇ ಮಾತು ಉಸುರಿದ್ದರೆ ಸಾಕಿತ್ತು, ಶನಿವಾರದ ಹೊತ್ತಿಗೆ ಅವಳು ನಿಜವಾದ ವಿಧವೆ! ಹಾಗೆ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ, ಯೋಚಿಸಿದೆ.

"ಕೋರ್ಟ್ ಹತ್ರ ಹೋಗಿ ಕಾಯ್ತಿರು," ಎಂದೆ. "ನನ್ನ ಹನ್ನೊಂದರ ಗುಂಪು ಬಂದಿರುತ್ತೆ."

ಬಾರ್ಬಡೋಸಿನ ಚರ್ಚಿನವರು. ನಲವತ್ತು ಜನ, ಎಲ್ಲರಿಗೂ ಹಳದಿ ಅಂಗಿ, ಹುಲ್ಲಿನ ಟೋಪಿ. ಒಬ್ಬ ಅಜ್ಜಿಯನ್ನು ಕೇಳಿ ಅವರ ಬಳಿಯಿದ್ದ ಇನ್ನೊಂದು ಅಂಗಿ, ಟೋಪಿ ಪಡೆದೆ. ಅವರೊಂದಿಗೆ ಕೋಟೆಯೊಳಗೆ ಹೋಗಿ ಮದ್ದಿನ ಕೋಣೆಯ ಬಾಗಿಲು ತೆರೆದೆ. ಒಳಗೆ ಎಲುಬು ಬಿಟ್ಟುಕೊಂಡ ಲೆನಾಕ್ಸ್!

"ಎಲ್ಲಾ ಕೇಳಿಸ್ತು, ಆಲ್ಬನ್. ಚಾಕು ಇಟ್ರೂ ನೀನು ಬಾಯಿಬಿಡ್ಲಿಲ್ಲ."

"ಗೊತ್ತಿದ್ರೆ ತಾನೆ ಬಿಡೋದು! ಟೋಪಿ ಹಾಕ್ಕೊ."

ಹೆಬ್ಬಾಗಿಲಲ್ಲಿ ಹಸ್ಕಿನ್ಸ್ ಅಡ್ಡ ನಿಂತಿದ್ದ. ಸೊಂಟದಲ್ಲಿ ಚಾಕು.

"ಸಿಕ್ಕಿದ್ನಾ?"

"ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇದೆ. ಇವರನ್ನ ಬಸ್ ಹತ್ತಿಸಿ ಬರ್ತೀನಿ."

ಅವನು ನನ್ನನ್ನೇ ದುರುಗುಟ್ಟಿದ. ಲೆನಾಕ್ಸ್ ಅವನ ಭುಜ ಸವರಿಕೊಂಡೇ ಹೋದ. ನಮ್ಮೂರಲ್ಲಿ ಪ್ರವಾಸಿಗರ ಮುಖವನ್ನು ಯಾರೂ ನೋಡುವುದಿಲ್ಲ!

ಬಸ್ಸು ನೇರ ಕೋರ್ಟಿಗೆ. ಲೆನಾಕ್ಸ್ ಕಂಡದ್ದು ಹೇಳಿದ. ಹಸ್ಕಿನ್ಸ್ ಜೈಲಿಗೆ ಹೋದ. ಮೆಟ್ಟಿಲ ಮೇಲೆ ವರ್ಲಿನ್ ಆ ಹಳದಿ ಅಂಗಿಯನ್ನು ಹಿಡಿದುಕೊಂಡು ಅತ್ತಳು. ಅಂಥ ಅಳುವನ್ನು ಎಂಟು ತಿಂಗಳಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

ಕೋಟೆ ನೋಡಲು ಬಂದ ನೀವು, ರಮ್ ಯಾಕೆ ನೆಲಕ್ಕೆ ಚೆಲ್ಲುತ್ತೀಯ ಎಂದು ಕೇಳಿದಿರಲ್ಲ? ಆಲ್ಬನ್ ಅಂತ ಒಬ್ಬನಿದ್ದ ಸ್ವಾಮಿ, ಶನಿವಾರ ಅವನ ಮದುವೆಯಿತ್ತು. ಮೊದಲ ಹನಿ ಅವನಿಗೆ.

ಸೂಟು ಹೊಸದಾಗೇ ಇದೆ... ನಿಮ್ಮ ಅಳತೆ ಎಷ್ಟು?