ಎಲ್ವಿನಾ ಕಾರ್ಬಿನ್ ಮರಣ ಪ್ರಕರಣ

ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಪೆಲಿಕನ್ ಕೇ ದ್ವೀಪದ ಠಾಣೆಗೆ ಎಲ್ವಿನಾ ಕಾರ್ಬಿನ್ ಎಂಬ ಮುದುಕಿ ಬಂದು, ಯಾರೋ ತನ್ನನ್ನು ರೇಡಿಯೋದಲ್ಲಿ ಸಾಯಿಸಿದ್ದಾರೆಂದು ದೂರು ಕೊಟ್ಟಳು. ಹನ್ನೆರಡೂವರೆಯ ಮರಣವಾರ್ತೆಯನ್ನು ಕಾನ್‌ಸ್ಟೆಬಲ್ ಕ್ಲೆಮ್ ಕೂಡ ಕೇಳಿದ್ದ. ಅವಳನ್ನು ಕಂಡು ಅವನು ತಿನ್ನುತ್ತಿದ್ದ ಕರಿದ ಮೀನು ಗಂಟಲಲ್ಲೇ ನಿಂತಿತು.

"ಕೂತ್ಕೊಳ್ಳಿ, ಮಿಸ್ ಎಲ್ವಿನಾ," ಎಂದಳು ಇನ್ಸ್‌ಪೆಕ್ಟರ್ ಅಲ್ಥಿಯಾ ಗ್ರೀನಿಜ್.

"ಕೂರೋಕೆ ಎಲ್ಲಿ ಬಿಟ್ರು? ಮನೆ ತುಂಬ ಜನ. ಪಕ್ಕದ ಮನೆಯೋಳು ಸಾವಿನ ಮನೆ ಅಂತ ಆಗ್ಲೇ ನನ್ನ ಕನ್ನಡಿಗೆಲ್ಲ ಬಟ್ಟೆ ಮುಚ್ಚಿದಾಳೆ."

ನಗುವ ವಿಷಯವಾಗಿರಲಿಲ್ಲ. ಅವಳ ಮಗ ಅನ್ಸೆಲ್ಮ್ ಆಳುವ ಪಕ್ಷದ ಶಾಸಕ. ಅವನ ಊರಿನ ಮೀನುಗಾರರ ಕೊಲ್ಲಿಯನ್ನು ಹೋಟೆಲಿನವರಿಗೆ ಕೊಡುವ ಮಸೂದೆ ಅಂದು ಎರಡು ಗಂಟೆಗೆ ಮತಕ್ಕೆ ಬರಬೇಕಿತ್ತು. ದ್ವೀಪದ ಶಾಸನಸಭೆಯಲ್ಲಿರುವುದೇ ಒಂಬತ್ತು ಜನ: ಆಳುವವರು ಐವರು, ವಿರೋಧಿಗಳು ನಾಲ್ವರು. ಜ್ವರ ಎಂದವನನ್ನು ಮಂಚದ ಸಮೇತ ಹೊತ್ತು ತರುವ ಸಭೆ ಅದು. ಆದರೆ ಸದಸ್ಯನ ಹೆತ್ತವರು ತೀರಿಕೊಂಡರೆ ಒಂಬತ್ತು ರಾತ್ರಿ ಕಲಾಪವಿಲ್ಲ; ಸತ್ತವರ ಮನೆಯಲ್ಲಿ ಎರಡೂ ಪಕ್ಷದವರು ಒಟ್ಟಿಗೆ ಕೂತು ರಮ್ ಕುಡಿಯುತ್ತಾರೆ. ಸ್ಪೀಕರ್ ಆಗಲೇ ಸಭೆ ಮುಂದೂಡಿ ಸದಸ್ಯರನ್ನು ಮನೆಗೆ ಕಳಿಸಿದ್ದರು.

ರೇಡಿಯೋದವನನ್ನು ಅಲ್ಥಿಯಾ ವಿಚಾರಿಸಿದಳು.

"ಯಾರು ಹೇಳಿದ್ದು?"

"ಫೋನಲ್ಲಿ, ಶವಪೆಟ್ಟಿಗೆ ಅಂಗಡಿಯಿಂದ ಅಂದ್ರು. ಮೂಗು ಕಟ್ಟಿದ ದನಿ. ಅತ್ತಿರ್ಬೇಕು ಅನ್ಕೊಂಡೆ."

ಟೆಲಿಫೋನ್ ಕಚೇರಿಯ ದಾಖಲೆಯಂತೆ ಕರೆ ಬಂದದ್ದು ಶಾಸಕರ ವಿಶ್ರಾಂತಿ ಕೋಣೆಯ ಫೋನಿನಿಂದ. ಮೂರು ಗಂಟೆಗೆ ಅಲ್ಲಿ ಮಹಜರು ನಡೆಯಿತು.

"ಸಭೆ ನಿಂತ್ರೆ ಲಾಭ ವಿರೋಧ ಪಕ್ಷದೋರಿಗೆ, ಮೇಡಂ," ಎಂದ ಕ್ಲೆಮ್. "ನಾಲ್ಕೂ ಜನರನ್ನ ಎಳ್ಕೊಂಡು ಬರ್ಲಾ?"

"ನಾಲ್ಕೂ ಜನ ನಿನ್ನ ನೆಂಟರಲ್ವೇನೋ?"

"ಮೂರೇ ಜನ, ಮೇಡಂ."

ಠಾಣೆಗೆ ಮರಳುವಷ್ಟರಲ್ಲಿ ಬಾಗಿಲಲ್ಲಿ ಗುಂಪು ಸೇರಿತ್ತು. ನಾಲ್ವರನ್ನೂ ಒಳಗೆ ಹಾಕಿ, ನಾಳೆಯೇ ಮಸೂದೆ ಪಾಸಾಗಲಿ ಎಂದು ಆಳುವ ಪಕ್ಷದವರು ಕೂಗುತ್ತಿದ್ದರು. ಅಲ್ಥಿಯಾ ಕಿಟಕಿ ಮುಚ್ಚಿ, ಠಾಣೆಯಲ್ಲೇ ಕಾದಿದ್ದ ಎಲ್ವಿನಾಳ ಮುಂದೆ ವಾರ್ತೆಯ ಧ್ವನಿಮುದ್ರಣ ಹಾಕಿದಳು.

"...ಅವರ ಕೊನೆಯಾಸೆಯಂತೆ, ಅವರ ತಂದೆ ಕಟ್ಟಿದ ದೋಣಿಹಾಡನ್ನು ಸಮಾಧಿಯ ಬಳಿ ಹಾಡಲಾಗುವುದು."

ಮುದುಕಿಯ ಮುಖ ಬಿಳಿಚಿಕೊಂಡಿತು.

"ಈ ಆಸೆ ಯಾರ ಹತ್ರ ಹೇಳಿದ್ರಿ?"

ಎಲ್ವಿನಾ ಕೈಚೀಲ ಎತ್ತಿಕೊಂಡು ಏಳಹೋದಳು.

"ಮಿಸ್ ಎಲ್ವಿನಾ."

"ದೂರು ವಾಪಸ್ ತಗೊಂಡ್ರೆ?"

"ತಗೋಬಹುದು. ಅಪವಾದ ಆ ನಾಲ್ಕು ಜನರ ಮೇಲೇ ಉಳಿಯತ್ತೆ. ಕೊಲ್ಲಿನೂ ಹೋಗತ್ತೆ."

ಎಲ್ವಿನಾ ಮುಚ್ಚಿದ ಕಿಟಕಿಯತ್ತ ತಿರುಗಿದಳು. ಅಲ್ಥಿಯಾಗೂ ಸಂಕಟವಾಯಿತು, ಆದರೆ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನನ್ನ ಮಗನಿಗೆ," ಎಂದಳು ಎಲ್ವಿನಾ. "ಅವನೊಬ್ಬನಿಗೆ."

ಸಂಜೆ ಆರಕ್ಕೆ ಅಲ್ಥಿಯಾ ಮತ್ತು ಕ್ಲೆಮ್ ಅವಳನ್ನು ಕರೆದುಕೊಂಡು ಅವಳ ಮನೆಗೆ ಹೋದಾಗ, ಸತ್ತವಳು ಬದುಕಿದ್ದರೂ ತಂದ ರಮ್ ಮುಗಿಯದೆ ಜನ ಎದ್ದಿರಲಿಲ್ಲ. ಅನ್ಸೆಲ್ಮ್ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಲ್ಥಿಯಾ ಬಂಧನದ ಮಾತು ಹೇಳಿದಾಗ ಅವನು ಎದುರಾಡಲಿಲ್ಲ.

"ಮಸೂದೆಗೆ ಹೌದು ಅಂದ್ರೆ ಊರೋರು ಮುಖ ನೋಡಲ್ಲ, ಇಲ್ಲ ಅಂದ್ರೆ ಪಾರ್ಟಿಯೋರು. ದಿನಾ ಇವರ ಮಧ್ಯನೇ ಓಡಾಡ್ಬೇಕು. ಇವತ್ತೊಂದು ದಿನ ತಪ್ಪಿದ್ರೆ ಸಾಕು ಅನ್ನಿಸ್ತು."

"ಅದಕ್ಕೆ ನನ್ನ ಮಣ್ಣು ಮಾಡಿದ್ಯಾ?" ಎಂದಳು ಬಾಗಿಲಲ್ಲಿದ್ದ ತಾಯಿ.

"ಏನು ಮಾಡಿದ್ರೂ ಕ್ಷಮಿಸೋಳು ನೀನೊಬ್ಬಳೇ ಅಲ್ವಾ, ಅಮ್ಮ."

ಯಾರ ಮುಖದೆದುರೂ ಇಲ್ಲ ಎನ್ನಲಾಗದೆ ಮೂರು ಚುನಾವಣೆ ಗೆದ್ದಿದ್ದವನು ಅವನು. ಎಲ್ವಿನಾ ಅವನ ಅಂಗಿಯ ಕಾಲರು ಸರಿ ಮಾಡಿದಳು. ಆಮೇಲೆ ಕ್ಲೆಮ್ ಕೈಯಿಂದ ಪೆನ್ನು ತೆಗೆದುಕೊಂಡು, ಮಗನ ವಿರುದ್ಧದ ಹೇಳಿಕೆಗೆ ಸಹಿ ಹಾಕಿದಳು.